ಶಿಕಾಗೊ ಪ್ರಾಥಮಿಕ ಶಾಲೆಗಳ ಮುಚ್ಚುವಿಕೆ (2013)

2013ರ ಶಿಕಾಗೊ ಪ್ರಾಥಮಿಕ ಶಾಲೆಗಳ ಮುಚ್ಚುವಿಕೆಯು ಅಮೇರಿಕ ಸಂಯುಕ್ತ ಸಂಸ್ಥಾನದ ಇಲಿನಾಯ್ ರಾಜ್ಯದ ಶಿಕಾಗೊ ನಗರದಲ್ಲಿ ನಡೆದ ಸಾಮೂಹಿಕ ಶಾಲಾ ಮುಚ್ಚುವಿಕೆಯಾಗಿದೆ. 2013ರ ಮೇ 22ರಂದು ಶಿಕಾಗೊ ಶಿಕ್ಷಣ ಮಂಡಳಿಯು 49 ಪ್ರಾಥಮಿಕ ಶಾಲೆಗಳನ್ನೂ ಒಂದು ಪ್ರೌಢಶಾಲಾ ವಿಭಾಗವನ್ನೂ ಮುಚ್ಚಲು ತೀರ್ಮಾನಿಸಿತು. ಇದರಿಂದ ಸುಮಾರು 12,000 ವಿದ್ಯಾರ್ಥಿಗಳು ತಮ್ಮ ನೆರೆಹೊರೆಯ ಶಾಲೆಯನ್ನು ಬಿಟ್ಟು ಬೇರೆ ಶಾಲೆಗಳಿಗೆ ಸೇರಬೇಕಾಯಿತು. ಒಂದೇ ಬಾರಿಗೆ ಇಷ್ಟೊಂದು ಶಾಲೆಗಳನ್ನು ಮುಚ್ಚಿದ ನಿದರ್ಶನ ಅಮೇರಿಕದ ಇತಿಹಾಸದಲ್ಲಿ ಅಪರೂಪ.

ಮುಚ್ಚುವಿಕೆಯನ್ನು ಸಮರ್ಥಿಸಿದವರು ಮಕ್ಕಳು ಇನ್ನೂ ಉತ್ತಮ ಶಾಲೆಗಳಿಗೆ ಹೋಗುತ್ತಾರೆ ಎಂದು ವಾದಿಸಿದರೆ, ವಿರೋಧಿಸಿದವರು ಮಕ್ಕಳ ಕಲಿಕೆ, ಸುರಕ್ಷತೆ ಮತ್ತು ಸಮುದಾಯದ ಬದುಕಿಗೆ ಧಕ್ಕೆಯಾಗುತ್ತದೆ ಎಂದು ವಾದಿಸಿದರು. ಶಿಕಾಗೊ ವಿಶ್ವವಿದ್ಯಾಲಯದ ಶಾಲಾ ಸಂಶೋಧನಾ ಒಕ್ಕೂಟವು ಈ ವಿದ್ಯಾರ್ಥಿಗಳ ಶೈಕ್ಷಣಿಕ ಸಾಧನೆಯನ್ನು ಹಲವು ವರ್ಷಗಳವರೆಗೆ ಅಧ್ಯಯನ ಮಾಡಿದ್ದರಿಂದ, ಶಾಲೆಗಳನ್ನು ಮುಚ್ಚುವುದರ ಪರಿಣಾಮವನ್ನು ಕುರಿತ ಚರ್ಚೆಗಳಲ್ಲಿ ಈ ಪ್ರಕರಣವನ್ನು ಹೆಚ್ಚಾಗಿ ಉಲ್ಲೇಖಿಸಲಾಗುತ್ತದೆ.

ಹಿನ್ನೆಲೆ

ನೆರೆಹೊರೆಯ ಶಾಲೆ ಎಂದರೆ ನಿರ್ದಿಷ್ಟ ಭೌಗೋಳಿಕ ಮಿತಿಯೊಳಗೆ ವಾಸಿಸುವ ಎಲ್ಲ ಮಕ್ಕಳಿಗೂ ಪ್ರವೇಶ ಪರೀಕ್ಷೆಯಿಲ್ಲದೆ ಪ್ರವೇಶ ನೀಡುವ ಸಾರ್ವಜನಿಕ ಶಾಲೆ. ಶಿಕಾಗೊದ ಬಹುತೇಕ ಪ್ರಾಥಮಿಕ ಶಾಲೆಗಳು ಕಿಂಡರ್‌ಗಾರ್ಟನ್‌ನಿಂದ 8ನೆಯ ತರಗತಿಯವರೆಗೆ ಬೋಧಿಸುತ್ತವೆ. ಭಾರತದ ಪರಿಭಾಷೆಯಲ್ಲಿ ಹೇಳುವುದಾದರೆ ಇವು ಕಿರಿಯ ಮತ್ತು ಹಿರಿಯ ಪ್ರಾಥಮಿಕ ಶಾಲೆಗಳೆರಡನ್ನೂ ಒಳಗೊಂಡಿವೆ. ಆದ್ದರಿಂದ ಒಂದು ಮಗು ಸುಮಾರು ಒಂಬತ್ತು ವರ್ಷ ಒಂದೇ ಶಾಲೆಯಲ್ಲಿ ಕಲಿಯುವುದು ಇಲ್ಲಿ ಸಾಮಾನ್ಯ. ಒಂದೇ ಕುಟುಂಬದ ಎರಡು ಮೂರು ತಲೆಮಾರಿನವರು ಒಂದೇ ಶಾಲೆಯಲ್ಲಿ ಓದಿದ ಉದಾಹರಣೆಗಳೂ ಇದ್ದವು.

1995ರ ರಾಜ್ಯ ಕಾನೂನಿನ ಮೂಲಕ ಶಿಕಾಗೊದ ಸಾರ್ವಜನಿಕ ಶಾಲೆಗಳ ಆಡಳಿತವು ನಗರದ ಮೇಯರ್ ಅವರ ನಿಯಂತ್ರಣಕ್ಕೆ ಬಂದಿತು. ಶಿಕ್ಷಣ ಮಂಡಳಿಯ ಸದಸ್ಯರನ್ನೂ ಶಾಲಾ ವ್ಯವಸ್ಥೆಯ ಮುಖ್ಯ ಕಾರ್ಯನಿರ್ವಾಹಕರನ್ನೂ ಮೇಯರ್ ಅವರೇ ನೇಮಿಸುವ ಪದ್ಧತಿ ಜಾರಿಗೆ ಬಂದಿತು. 2002ರಲ್ಲಿ ಅಂದಿನ ಮುಖ್ಯ ಕಾರ್ಯನಿರ್ವಾಹಕ ಆರ್ನ್ ಡಂಕನ್ ಅವರು ಕಳಪೆ ಫಲಿತಾಂಶದ ಕಾರಣ ನೀಡಿ ಮೂರು ಶಾಲೆಗಳನ್ನು ಮುಚ್ಚಿದರು. 2004ರಲ್ಲಿ ಮೇಯರ್ ರಿಚರ್ಡ್ ಎಂ. ಡೇಲಿ ಅವರು ‘ರಿನೈಸಾನ್ಸ್ 2010’ ಎಂಬ ಯೋಜನೆಯನ್ನು ಪ್ರಕಟಿಸಿದರು. ದುರ್ಬಲ ಶಾಲೆಗಳನ್ನು ಮುಚ್ಚಿ, 2010ರೊಳಗೆ 100 ಹೊಸ ಶಾಲೆಗಳನ್ನು ತೆರೆಯುವುದು ಇದರ ಗುರಿಯಾಗಿತ್ತು. ಹೊಸ ಶಾಲೆಗಳಲ್ಲಿ ಹಲವು ಚಾರ್ಟರ್ ಶಾಲೆಗಳಾಗಿದ್ದವು. ಚಾರ್ಟರ್ ಶಾಲೆಗಳೆಂದರೆ ಸಾರ್ವಜನಿಕ ಹಣದಿಂದ ನಡೆಯುವ, ಆದರೆ ಖಾಸಗಿ ಆಡಳಿತ ಸಂಸ್ಥೆಗಳು ನಿರ್ವಹಿಸುವ ಶಾಲೆಗಳು.

ಇದೇ ಅವಧಿಯಲ್ಲಿ ನಗರದ ಜನಸಂಖ್ಯೆಯೂ ಕುಸಿಯಿತು. 2000ದ ಜನಗಣತಿಯಲ್ಲಿ 28,96,016 ಇದ್ದ ಜನಸಂಖ್ಯೆ 2010ರಲ್ಲಿ 26,95,598ಕ್ಕೆ ಇಳಿಯಿತು. ನಗರವನ್ನು ತೊರೆದವರಲ್ಲಿ ಹೆಚ್ಚಿನವರು ಕಪ್ಪು ಜನಾಂಗದವರು. 2000ದಲ್ಲಿ ಆರಂಭವಾದ ವಸತಿ ಪುನರ್ರಚನಾ ಯೋಜನೆಯಡಿ ರಾಬರ್ಟ್ ಟೇಲರ್ ಹೋಮ್ಸ್, ಕ್ಯಾಬ್ರಿನಿ–ಗ್ರೀನ್ ಮೊದಲಾದ ಬಹುಮಹಡಿ ಸರ್ಕಾರಿ ವಸತಿ ಸಮುಚ್ಚಯಗಳನ್ನು ಕೆಡವಲಾಯಿತು. ಇವುಗಳ ಸುತ್ತಲಿನ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ವೇಗವಾಗಿ ಕಡಿಮೆಯಾಯಿತು. ಹೀಗೆ ವಸತಿ ನೀತಿ, ವಲಸೆ ಮತ್ತು ಹೊಸ ಶಾಲೆಗಳ ಸ್ಪರ್ಧೆ ಇವು ಮೂರೂ ಸೇರಿ ನಗರದ ದಕ್ಷಿಣ ಮತ್ತು ಪಶ್ಚಿಮ ಭಾಗಗಳ ನೆರೆಹೊರೆಯ ಶಾಲೆಗಳನ್ನು ಬರಿದಾಗಿಸಿದವು.

ಮುಚ್ಚುವ ನಿರ್ಧಾರ

2011ರಲ್ಲಿ ರಾಮ್ ಇಮ್ಯಾನ್ಯುಯೆಲ್ ಅವರು ಮೇಯರ್ ಆದರು. 2012ರ ಸೆಪ್ಟೆಂಬರ್‌ನಲ್ಲಿ ಶಿಕ್ಷಕರ ಸಂಘವು ಏಳು ಶಾಲಾ ದಿನಗಳ ಮುಷ್ಕರ ನಡೆಸಿತು. ಮರುತಿಂಗಳು ಬಾರ್ಬರಾ ಬರ್ಡ್–ಬೆನೆಟ್ ಅವರು ಶಾಲಾ ವ್ಯವಸ್ಥೆಯ ಮುಖ್ಯ ಕಾರ್ಯನಿರ್ವಾಹಕರಾಗಿ ನೇಮಕಗೊಂಡರು. ಸುಮಾರು 100 ಕೋಟಿ ಡಾಲರ್‌ಗಳ ಆಯವ್ಯಯ ಕೊರತೆಯನ್ನೂ ಶಾಲೆಗಳಲ್ಲಿನ ಖಾಲಿ ಸ್ಥಳವನ್ನೂ ಆಡಳಿತವು ಮುಚ್ಚುವಿಕೆಗೆ ಕಾರಣವಾಗಿ ಮುಂದಿಟ್ಟಿತು. ಒಟ್ಟು 5,11,000 ವಿದ್ಯಾರ್ಥಿಗಳಿಗೆ ಸ್ಥಳವಿದ್ದರೂ 4,03,000 ವಿದ್ಯಾರ್ಥಿಗಳು ಮಾತ್ರ ದಾಖಲಾಗಿದ್ದಾರೆ ಎಂಬುದು ಅದರ ಲೆಕ್ಕವಾಗಿತ್ತು.

ಆಯ್ಕೆಯ ಪ್ರಕ್ರಿಯೆ ಹಂತಹಂತವಾಗಿ ನಡೆಯಿತು:

• 2012ರ ಡಿಸೆಂಬರ್: ಸಾಮರ್ಥ್ಯಕ್ಕಿಂತ ಕಡಿಮೆ ಬಳಕೆಯಲ್ಲಿರುವ 330 ಶಾಲೆಗಳನ್ನು ಗುರುತಿಸಲಾಯಿತು.
• 2013ರ ಫೆಬ್ರವರಿ: ಪಟ್ಟಿಯನ್ನು 129 ಶಾಲೆಗಳಿಗೆ ಇಳಿಸಲಾಯಿತು.
• 2013ರ ಮಾರ್ಚ್ 21: 54 ಶಾಲೆಗಳನ್ನು ಮುಚ್ಚುವ ಪ್ರಸ್ತಾವ ಪ್ರಕಟವಾಯಿತು.
• 2013ರ ಮೇ 22: ನಾಲ್ಕು ಶಾಲೆಗಳನ್ನು ಕೈಬಿಟ್ಟು ಉಳಿದ 50ಕ್ಕೆ ಶಿಕ್ಷಣ ಮಂಡಳಿ ಒಪ್ಪಿಗೆ ನೀಡಿತು.

ಬಹುತೇಕ ಶಾಲೆಗಳು ಅದೇ ಜೂನ್ ತಿಂಗಳಲ್ಲಿ ಬಾಗಿಲು ಮುಚ್ಚಿದವು. ಅಂತಿಮ ತೀರ್ಮಾನಕ್ಕೂ ಹೊಸ ಶಾಲಾ ವರ್ಷದ ಆರಂಭಕ್ಕೂ ನಡುವೆ ಸುಮಾರು ಮೂರು ತಿಂಗಳ ಅವಧಿ ಮಾತ್ರ ಇತ್ತು.

ಬಳಕೆಯ ಲೆಕ್ಕಾಚಾರ

ಶಾಲೆಯೊಂದರ ಆದರ್ಶ ಸಾಮರ್ಥ್ಯವನ್ನು ತರಗತಿಗೆ 30 ಮಕ್ಕಳು ಎಂಬ ಆಧಾರದ ಮೇಲೆ ಲೆಕ್ಕಹಾಕಲಾಗುತ್ತಿತ್ತು. ದಾಖಲಾತಿಯು ಈ ಸಾಮರ್ಥ್ಯದ ಶೇ. 80ಕ್ಕಿಂತ ಕಡಿಮೆಯಿದ್ದರೆ ಶಾಲೆಯನ್ನು ಕಡಿಮೆ ಬಳಕೆಯದೆಂದೂ ಶೇ. 120ನ್ನು ಮೀರಿದ್ದರೆ ಕಿಕ್ಕಿರಿದ ಶಾಲೆಯೆಂದೂ ಪರಿಗಣಿಸಲಾಯಿತು. ಈ ಸೂತ್ರವನ್ನು ಪಾಲಕರೂ ಶಿಕ್ಷಕರೂ ಪ್ರಶ್ನಿಸಿದರು. ವಿಶೇಷ ಅಗತ್ಯವುಳ್ಳ ಮಕ್ಕಳ ತರಗತಿಗಳಲ್ಲಿ ಕಾನೂನಿನ ಪ್ರಕಾರ ಮಕ್ಕಳ ಸಂಖ್ಯೆ ಬಹಳ ಕಡಿಮೆ ಇರಬೇಕು. ಅಂತಹ ಕೊಠಡಿಗಳು ಪೂರ್ತಿ ಬಳಕೆಯಲ್ಲಿದ್ದರೂ ಲೆಕ್ಕದಲ್ಲಿ ಅರೆಖಾಲಿಯಾಗಿ ಕಾಣುತ್ತಿದ್ದವು. ಆಡಳಿತಕ್ಕೆ ‘ಖಾಲಿ ಸ್ಥಳ’ವಾಗಿ ಕಂಡದ್ದು ಅನೇಕ ಪಾಲಕರಿಗೆ ಮಗುವಿನತ್ತ ಹೆಚ್ಚಿನ ಗಮನ ಸಿಗುವ ಚಿಕ್ಕ ತರಗತಿಯಾಗಿತ್ತು.

ಸ್ವಾಗತ ಶಾಲೆಗಳು

ಮುಚ್ಚಿದ ಪ್ರತಿಯೊಂದು ಶಾಲೆಯ ಮಕ್ಕಳಿಗೂ ಒಂದು ಅಥವಾ ಹೆಚ್ಚು ‘ಸ್ವಾಗತ ಶಾಲೆ’ಗಳನ್ನು ನಿಗದಿಪಡಿಸಲಾಯಿತು. ಆಡಳಿತದ ಮೌಲ್ಯಮಾಪನದಲ್ಲಿ ಇವು ಮುಚ್ಚಿದ ಶಾಲೆಗಿಂತ ಮೇಲಿನ ಸ್ಥಾನದಲ್ಲಿರಬೇಕು ಎಂಬುದು ನಿಯಮವಾಗಿತ್ತು. ಸ್ವಾಗತ ಶಾಲೆಗಳಿಗೆ ಹವಾನಿಯಂತ್ರಣ, ಗ್ರಂಥಾಲಯ, 3ರಿಂದ 8ನೆಯ ತರಗತಿಯ ಮಕ್ಕಳಿಗೆ ಐಪ್ಯಾಡ್ ಮೊದಲಾದ ಸೌಲಭ್ಯಗಳನ್ನು ಘೋಷಿಸಲಾಯಿತು. ಪಾಲಕರು ನಿಗದಿತ ಶಾಲೆಯ ಬದಲು ಸ್ಥಳವಿರುವ ಬೇರೆ ಶಾಲೆಯನ್ನೂ ಆರಿಸಿಕೊಳ್ಳಬಹುದಿತ್ತು.

ಹೊಸ ಶಾಲೆಗೆ ಹೋಗುವ ದಾರಿಯಲ್ಲಿ ಮಕ್ಕಳು ಎದುರಾಳಿ ಗುಂಪುಗಳ ಗಡಿಗಳನ್ನು ದಾಟಬೇಕಾಗುತ್ತದೆ ಎಂಬ ಭಯ ಪಾಲಕರಲ್ಲಿ ವ್ಯಾಪಕವಾಗಿತ್ತು. ಇದಕ್ಕಾಗಿ ‘ಸುರಕ್ಷಿತ ಮಾರ್ಗ’ ಕಾರ್ಯಕ್ರಮವನ್ನು ವಿಸ್ತರಿಸಿ, ಶಾಲಾ ಸಮಯದಲ್ಲಿ ರಸ್ತೆಗಳಲ್ಲಿ ನಿಲ್ಲಲು ಸ್ಥಳೀಯ ನಿವಾಸಿಗಳನ್ನು ನೇಮಿಸಿಕೊಳ್ಳಲಾಯಿತು.

ಯಾರ ಮೇಲೆ ಪರಿಣಾಮವಾಯಿತು

ಬಾಧಿತ ವಿದ್ಯಾರ್ಥಿಗಳಲ್ಲಿ ಸುಮಾರು ಶೇ. 88ರಷ್ಟು ಕಪ್ಪು ಜನಾಂಗದವರು. ಇಡೀ ಶಾಲಾ ವ್ಯವಸ್ಥೆಯಲ್ಲಿ ಈ ಸಮುದಾಯದ ಪಾಲು ಸುಮಾರು ಶೇ. 40 ಮಾತ್ರ ಇತ್ತು. ಬಹುಪಾಲು ಮಕ್ಕಳು ಉಚಿತ ಅಥವಾ ರಿಯಾಯಿತಿ ದರದ ಮಧ್ಯಾಹ್ನದ ಊಟಕ್ಕೆ ಅರ್ಹರಾದ ಬಡ ಕುಟುಂಬಗಳಿಗೆ ಸೇರಿದವರು. ಈ ಅಸಮಾನತೆಯೇ ವಿರೋಧದ ಮುಖ್ಯ ಕಾರಣವಾಯಿತು. ಶಿಕ್ಷಕರ ಸಂಘದ ಅಧ್ಯಕ್ಷೆ ಕ್ಯಾರೆನ್ ಲೂಯಿಸ್ ಅವರ ನೇತೃತ್ವದಲ್ಲಿ ಮೆರವಣಿಗೆಗಳು ನಡೆದವು, ಸಾರ್ವಜನಿಕ ಅಹವಾಲು ಸಭೆಗಳಿಗೆ ಸಾವಿರಾರು ಜನ ಬಂದರು. ಪಾಲಕರು ಫೆಡರಲ್ ನ್ಯಾಯಾಲಯದ ಮೊರೆ ಹೋದರಾದರೂ 2013ರ ಆಗಸ್ಟ್‌ನಲ್ಲಿ ನ್ಯಾಯಾಲಯವು ತಡೆಯಾಜ್ಞೆ ನೀಡಲು ನಿರಾಕರಿಸಿತು.

ಶೈಕ್ಷಣಿಕ ಪರಿಣಾಮಗಳು

ಅಧ್ಯಯನದ ವಿಧಾನ

ಶಾಲೆ ಮುಚ್ಚಿದ ನಂತರ ಮಕ್ಕಳ ಅಂಕಗಳು ಕಡಿಮೆಯಾದವೆಂದ ಮಾತ್ರಕ್ಕೆ ಅದಕ್ಕೆ ಮುಚ್ಚುವಿಕೆಯೇ ಕಾರಣವೆಂದು ಹೇಳಲಾಗದು. ಬಡತನ, ಮನೆ ಬದಲಾವಣೆ, ಮೊದಲಿನಿಂದಲೂ ಇದ್ದ ಕಲಿಕೆಯ ಹಿನ್ನಡೆ ಇವೂ ಕಾರಣವಾಗಿರಬಹುದು. ಆದ್ದರಿಂದ ಸಂಶೋಧಕರು ಮುಚ್ಚಿದ ಶಾಲೆಗಳ ಮಕ್ಕಳನ್ನು, ಅಂಥದೇ ಪರಿಸ್ಥಿತಿಯಲ್ಲಿದ್ದೂ ಮುಚ್ಚದೆ ಉಳಿದ ಶಾಲೆಗಳ ಮಕ್ಕಳೊಂದಿಗೆ ಹೋಲಿಸುತ್ತಾರೆ. ಹಿಂದಿನ ವರ್ಷಗಳ ಪ್ರಗತಿಯ ಆಧಾರದ ಮೇಲೆ ಪ್ರತಿ ಗುಂಪಿನಿಂದ ನಿರೀಕ್ಷಿಸಬಹುದಾದ ಅಂಕವನ್ನು ಅಂದಾಜಿಸಿ, ನಿಜವಾದ ಅಂಕದೊಂದಿಗೆ ತುಲನೆ ಮಾಡುತ್ತಾರೆ. ವ್ಯತ್ಯಾಸವನ್ನು ಸುಲಭವಾಗಿ ತಿಳಿಸಲು ‘ಇಷ್ಟು ತಿಂಗಳ ಕಲಿಕೆ’ ಎಂದು ಹೇಳುವುದು ರೂಢಿ. ಒಂದು ಶಾಲಾ ವರ್ಷದಲ್ಲಿ ಸಾಮಾನ್ಯವಾಗಿ ಕಂಡುಬರುವ ಪ್ರಗತಿಯನ್ನು ತಿಂಗಳುಗಳಿಗೆ ಹಂಚಿ ಈ ಅಳತೆಯನ್ನು ಪಡೆಯಲಾಗುತ್ತದೆ.

2001–2006ರ ಮುಚ್ಚುವಿಕೆಗಳು

ಒಕ್ಕೂಟದ ಸಂಶೋಧಕರಾದ ಮರಿಸಾ ಡಿ ಲಾ ಟೊರ್ರೆ ಮತ್ತು ಜೂಲಿಯಾ ಗ್ವಿನ್ ಅವರು 2001ರಿಂದ 2006ರ ನಡುವೆ ಮುಚ್ಚಿದ 18 ಪ್ರಾಥಮಿಕ ಶಾಲೆಗಳ ಮಕ್ಕಳನ್ನು ಅಧ್ಯಯನ ಮಾಡಿ 2009ರಲ್ಲಿ ವರದಿ ಪ್ರಕಟಿಸಿದರು. ಅದರ ಮುಖ್ಯ ಅಂಶಗಳು:

• ಹೆಚ್ಚಿನ ಹಿನ್ನಡೆ ಕಂಡದ್ದು ಶಾಲೆ ಮುಚ್ಚಿದ ಮೇಲಲ್ಲ, ಮುಚ್ಚುವ ಸುದ್ದಿ ಪ್ರಕಟವಾದ ವರ್ಷದಲ್ಲಿ. ಓದಿನಲ್ಲಿ ಸುಮಾರು ಒಂದೂವರೆ ತಿಂಗಳು, ಗಣಿತದಲ್ಲಿ ಅರ್ಧ ತಿಂಗಳಿಗಿಂತ ತುಸು ಹೆಚ್ಚು ಕಲಿಕೆ ನಷ್ಟವಾಗಿತ್ತು.
• ಹೊಸ ಶಾಲೆಯಲ್ಲಿ ಒಂದು ವರ್ಷ ಕಳೆಯುವಷ್ಟರಲ್ಲಿ ಸರಾಸರಿ ಅಂಕಗಳು ನಿರೀಕ್ಷಿತ ಮಟ್ಟಕ್ಕೆ ಮರಳಿದವು. ಆದರೆ ಆ ಮಟ್ಟವನ್ನು ಮೀರಿದ ಲಾಭವೂ ಸರಾಸರಿಯಲ್ಲಿ ಕಾಣಲಿಲ್ಲ.
• ಸ್ಥಳಾಂತರಗೊಂಡವರಲ್ಲಿ ಸುಮಾರು ಶೇ. 40ರಷ್ಟು ಮಕ್ಕಳು ಕಳಪೆ ಫಲಿತಾಂಶಕ್ಕಾಗಿ ನಿಗಾದಲ್ಲಿದ್ದ ಶಾಲೆಗಳಿಗೇ ಸೇರಿದ್ದರು. ಉತ್ತಮ ಶಾಲೆಗಳ ಮೇಲಿನ ಕಾಲುಭಾಗಕ್ಕೆ ಸೇರಿದವರು ಕೇವಲ ಶೇ. 6.
• ಹಾಗೆ ಬಲಿಷ್ಠ ಶಾಲೆಗಳಿಗೆ ಸೇರಿದ ಮಕ್ಕಳ ಕಲಿಕೆ ಸುಧಾರಿಸಿತ್ತು.

ಮಗು ಎಲ್ಲಿಂದ ಹೊರಟಿತು ಎಂಬುದಕ್ಕಿಂತ ಎಲ್ಲಿಗೆ ಸೇರಿತು ಎಂಬುದು ಮುಖ್ಯ ಎಂಬ ತೀರ್ಮಾನ ಈ ವರದಿಯಿಂದ ಮೂಡಿತು. 2013ರಲ್ಲಿ ಸ್ವಾಗತ ಶಾಲೆಯು ಮೇಲಿನ ಶ್ರೇಣಿಯಲ್ಲಿರಬೇಕು ಎಂದು ಆಡಳಿತವು ವಿಧಿಸಿದ ನಿಯಮವು ಈ ತೀರ್ಮಾನಕ್ಕೆ ಅನುಗುಣವಾಗಿತ್ತು.

2013ರ ನಂತರ ಮಕ್ಕಳು ಸೇರಿದ ಶಾಲೆಗಳು

ಒಕ್ಕೂಟವು 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸ್ಥಳಾಂತರಗೊಂಡ ಮಕ್ಕಳಲ್ಲಿ ಶೇ. 93ರಷ್ಟು ಮಕ್ಕಳು ಮುಚ್ಚಿದ ಶಾಲೆಗಿಂತ ಹೆಚ್ಚಿನ ಅಂಕ ಪಡೆದ ಶಾಲೆಗಳಿಗೆ ಸೇರಿದರು. ಶೇ. 66ರಷ್ಟು ಮಕ್ಕಳು ನಿಗದಿತ ಸ್ವಾಗತ ಶಾಲೆಯನ್ನೇ ಆರಿಸಿಕೊಂಡರು. ಆದರೆ ಅತ್ಯುನ್ನತ ಶ್ರೇಣಿಯ ಶಾಲೆಗಳಿಗೆ ಸೇರಿದವರು ಕಡಿಮೆ. ಅನೇಕ ಸಂದರ್ಭಗಳಲ್ಲಿ ಹಳೆಯ ಶಾಲೆಗೂ ಹೊಸ ಶಾಲೆಗೂ ಇದ್ದ ಅಂತರ ಅಲ್ಪವಾಗಿತ್ತು.

ಪಾಲಕರು ಶಾಲೆಯನ್ನು ಆರಿಸುವಾಗ ಮನೆಗೆ ಇರುವ ದೂರ, ದಾರಿಯ ಸುರಕ್ಷತೆ, ಪರಿಚಿತ ಶಿಕ್ಷಕರು ಅಥವಾ ಬಂಧುಗಳ ಮಕ್ಕಳು ಅಲ್ಲಿರುವುದು ಮೊದಲಾದವನ್ನು ಮುಖ್ಯವಾಗಿ ಪರಿಗಣಿಸಿದ್ದರು. ಶೈಕ್ಷಣಿಕ ಗುಣಮಟ್ಟವನ್ನು ಅವರು ಕಡೆಗಣಿಸಿರಲಿಲ್ಲ. ಆದರೆ ಅದನ್ನು ಆಡಳಿತದ ಶ್ರೇಣಿಯಿಂದಲೇ ಅಳೆಯದೆ, ತರಗತಿಯ ಗಾತ್ರ, ಮಗುವಿಗೆ ಸಿಗುವ ವೈಯಕ್ತಿಕ ಗಮನ, ಶಾಲಾ ಅವಧಿಯ ನಂತರದ ಚಟುವಟಿಕೆಗಳಿಂದ ಅಳೆದಿದ್ದರು.

ಅಂಕಗಳಲ್ಲಿನ ಬದಲಾವಣೆ

2018ರಲ್ಲಿ ಒಕ್ಕೂಟವು ಪ್ರಕಟಿಸಿದ ವಿಸ್ತೃತ ವರದಿಯು 2013ರ ಮುಚ್ಚುವಿಕೆಯ ಪರಿಣಾಮವನ್ನು ನಾಲ್ಕು ವರ್ಷಗಳವರೆಗೆ ಗುರುತಿಸಿತು.

ಮುಚ್ಚಿದ ಶಾಲೆಗಳ ಮಕ್ಕಳಲ್ಲಿ ಅತಿ ದೊಡ್ಡ ಹಿನ್ನಡೆ ಮತ್ತೆ ಪ್ರಕಟಣೆಯ ವರ್ಷದಲ್ಲೇ, ಅಂದರೆ ಹಳೆಯ ಶಾಲೆಯಲ್ಲಿ ಇನ್ನೂ ಕುಳಿತಿದ್ದಾಗಲೇ ಕಂಡುಬಂತು. ಓದಿನಲ್ಲಿ ಅವರು ನಿರೀಕ್ಷೆಗಿಂತ ಸುಮಾರು ಒಂದೂವರೆ ತಿಂಗಳು, ಗಣಿತದಲ್ಲಿ ಸುಮಾರು ಎರಡು ತಿಂಗಳು ಹಿಂದುಳಿದರು. ಓದಿನ ಅಂಕಗಳು ಮರುವರ್ಷ ಚೇತರಿಸಿಕೊಂಡವು. ಗಣಿತದ ಅಂಕಗಳು ಮಾತ್ರ ನಾಲ್ಕು ವರ್ಷಗಳವರೆಗೂ ನಿರೀಕ್ಷಿತ ಮಟ್ಟಕ್ಕಿಂತ ಕೆಳಗೇ ಉಳಿದವು. ಸ್ವಾಗತ ಶಾಲೆಗಳಲ್ಲಿ ಮೊದಲಿನಿಂದಲೂ ಕಲಿಯುತ್ತಿದ್ದ ಮಕ್ಕಳ ಓದಿನ ಅಂಕಗಳು ವಿಲೀನದ ಮೊದಲ ವರ್ಷದಲ್ಲಿ ಕುಸಿದು, ನಂತರ ಸರಿಹೋದವು. ಗೈರುಹಾಜರಿ ಹಾಗೂ ಶಿಸ್ತುಕ್ರಮವಾಗಿ ಶಾಲೆಯಿಂದ ಅಮಾನತುಗೊಳಿಸುವ ಪ್ರಮಾಣದಲ್ಲಿ ಮುಚ್ಚುವಿಕೆಯಿಂದಾದ ಗಮನಾರ್ಹ ಬದಲಾವಣೆ ಕಾಣಲಿಲ್ಲ.

ಮುಚ್ಚುವಿಕೆಯನ್ನು ಸಮರ್ಥಿಸಲು ನೀಡಿದ ಮುಖ್ಯ ಭರವಸೆ ಮಕ್ಕಳ ಕಲಿಕೆ ಉತ್ತಮಗೊಳ್ಳುತ್ತದೆ ಎಂಬುದಾಗಿತ್ತು. ಸರಾಸರಿ ಫಲಿತಾಂಶಗಳು ಈ ಭರವಸೆಯನ್ನು ಸಮರ್ಥಿಸಲಿಲ್ಲ. ಅದೇ ವೇಳೆ, ಕೆಲವು ವಿರೋಧಿಗಳು ಊಹಿಸಿದಂತೆ ಎಲ್ಲ ವಿಷಯಗಳಲ್ಲೂ ಶಾಶ್ವತ ಕುಸಿತವೂ ಉಂಟಾಗಲಿಲ್ಲ.

ಹಿನ್ನಡೆಗೆ ಕಾರಣಗಳು

2018ರ ವರದಿಗಾಗಿ ಸಂಶೋಧಕರು ಆರು ಸ್ವಾಗತ ಶಾಲೆಗಳ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳೊಂದಿಗೆ ಸಂದರ್ಶನ ನಡೆಸಿದರು. ಅಂಕಿ ಅಂಶಗಳ ಹಿಂದಿನ ಕಾರಣಗಳನ್ನು ಅರಿಯಲು ಇವು ನೆರವಾಗುತ್ತವೆ.

ಅನಿಶ್ಚಿತತೆ: ಡಿಸೆಂಬರ್‌ನಿಂದ ಮೇ ತಿಂಗಳವರೆಗೆ ತಮ್ಮ ಶಾಲೆ ಉಳಿಯುವುದೋ ಇಲ್ಲವೋ ಎಂಬುದು ಮಕ್ಕಳಿಗೂ ಶಿಕ್ಷಕರಿಗೂ ತಿಳಿದಿರಲಿಲ್ಲ. ಕೆಲಸ ಕಳೆದುಕೊಳ್ಳುವ ಭಯದಲ್ಲಿದ್ದ ಶಿಕ್ಷಕರು, ಸ್ನೇಹಿತರು ಚದುರಿಹೋಗುವ ಆತಂಕದಲ್ಲಿದ್ದ ಮಕ್ಕಳು, ಸಭೆ ಮತ್ತು ಪ್ರತಿಭಟನೆಗಳಲ್ಲಿ ತೊಡಗಿದ್ದ ಪಾಲಕರು ಇವರೆಲ್ಲರ ನಡುವೆ ಪಾಠದ ಲಯ ತಪ್ಪಿತು.

ಸಿದ್ಧತೆಯ ಕೊರತೆ: ಸ್ಥಳಾಂತರಕ್ಕೆ ದೊರೆತ ಕಾಲ ಅಲ್ಪವಾಗಿತ್ತು. ಶಾಲಾರಂಭದ ವೇಳೆಗೆ ಪೆಟ್ಟಿಗೆಗಳು ಬಿಚ್ಚದೆ ರಾಶಿಬಿದ್ದಿದ್ದವು, ಬೋಧನ ಸಾಮಗ್ರಿಗಳು ಕಳೆದುಹೋಗಿದ್ದವು, ಕೆಲವು ಕಟ್ಟಡಗಳು ಸ್ವಚ್ಛವಾಗಿರಲಿಲ್ಲ ಎಂದು ಶಿಕ್ಷಕರು ತಿಳಿಸಿದರು. ಕೆಲವೆಡೆ ಸ್ವಾಗತ ಶಾಲೆಯೇ ಮುಚ್ಚಿದ ಶಾಲೆಯ ಕಟ್ಟಡಕ್ಕೆ ಸ್ಥಳಾಂತರಗೊಂಡಿದ್ದರಿಂದ ಎರಡೂ ಶಾಲೆಯವರು ಒಗ್ಗಿಕೊಳ್ಳಬೇಕಾಯಿತು.

ಬಾಂಧವ್ಯದ ನಷ್ಟ: ಮಗುವಿನ ಸ್ವಭಾವ, ಮನೆಯ ಪರಿಸ್ಥಿತಿ, ಕಲಿಕೆಯ ತೊಡಕುಗಳನ್ನು ಬಲ್ಲ ಶಿಕ್ಷಕರು ದೂರವಾದರು. ಹೊಸ ಶಾಲೆಯಲ್ಲಿ ‘ನಾವು’ ಮತ್ತು ‘ಅವರು’ ಎಂಬ ಭೇದ ಮೂಡಿತು. ಹಳೆಯ ಶಾಲೆಯ ಹೆಸರು, ಬಣ್ಣ, ಆಚರಣೆಗಳು ಇಲ್ಲವಾದಾಗ ಉಂಟಾದ ದುಃಖವನ್ನು ಮಕ್ಕಳೂ ಸಿಬ್ಬಂದಿಯೂ ಹೇಳಿಕೊಂಡರು, ಅದನ್ನು ಯಾರೂ ಗುರುತಿಸಲಿಲ್ಲ ಎಂಬ ನೋವನ್ನೂ ವ್ಯಕ್ತಪಡಿಸಿದರು.

ಗಣಿತದ ಹಿನ್ನಡೆ ದೀರ್ಘಕಾಲ ಉಳಿದುದನ್ನು ಆ ವಿಷಯದ ಸ್ವರೂಪದೊಂದಿಗೆ ಹೊಂದಿಸಿ ಅರ್ಥಮಾಡಿಕೊಳ್ಳಬಹುದು. ಭಿನ್ನರಾಶಿ ಅರಿಯದ ಮಗುವಿಗೆ ಶೇಕಡಾವಾರು ಮತ್ತು ಬೀಜಗಣಿತ ಕಷ್ಟವಾಗುತ್ತವೆ. ಒಂದು ಹಂತದಲ್ಲಿ ತಪ್ಪಿದ ಪಾಠ ಮುಂದಿನ ಹಂತಗಳನ್ನೂ ಬಾಧಿಸುತ್ತದೆ.

ಇತರ ಅಧ್ಯಯನಗಳು

ಶಿಕಾಗೊದ ಹೊರಗೆ ನಡೆದ ಅಧ್ಯಯನಗಳ ಫಲಿತಾಂಶಗಳು ಒಂದೇ ತೆರನಾಗಿಲ್ಲ.

• ಮಿಶಿಗನ್: ಕ್ವೆಂಟಿನ್ ಬ್ರಮೆಟ್ ಅವರ 2014ರ ಅಧ್ಯಯನದ ಪ್ರಕಾರ, ತೀರಾ ದುರ್ಬಲವಾಗಿದ್ದ ಶಾಲೆಗಳಿಂದ ಸ್ಥಳಾಂತರಗೊಂಡ ಮಕ್ಕಳು ಕಾಲಕ್ರಮದಲ್ಲಿ ಲಾಭ ಪಡೆದರು. ಆದರೆ ಅವರನ್ನು ಸೇರಿಸಿಕೊಂಡ ಶಾಲೆಗಳ ಮಕ್ಕಳ ಮೇಲೆ ಸ್ವಲ್ಪ ಪ್ರತಿಕೂಲ ಪರಿಣಾಮವಾಯಿತು.
• ಫಿಲಡೆಲ್ಫಿಯ: 2013ರಲ್ಲಿ ಈ ನಗರದಲ್ಲಿಯೂ 20ಕ್ಕಿಂತ ಹೆಚ್ಚು ಶಾಲೆಗಳನ್ನು ಮುಚ್ಚುವ ತೀರ್ಮಾನವಾಯಿತು. ಮ್ಯಾಥ್ಯೂ ಸ್ಟೈನ್‌ಬರ್ಗ್ ಮತ್ತು ಜಾನ್ ಮೆಕ್‌ಡೊನಾಲ್ಡ್ ಅವರ 2019ರ ಅಧ್ಯಯನದಲ್ಲಿ, ಹೆಚ್ಚು ಉತ್ತಮ ಶಾಲೆಗೆ ಸೇರಿದ ಮಕ್ಕಳ ಸಾಧನೆ ಸುಧಾರಿಸಿತು. ಹೆಚ್ಚು ದೂರ ಹೋಗಬೇಕಾದ ಮಕ್ಕಳ ಗೈರುಹಾಜರಿ ಏರಿತು. ಹೊಸದಾಗಿ ಬಂದ ಮಕ್ಕಳ ಪಾಲು ಹೆಚ್ಚಿದ್ದ ಶಾಲೆಗಳಲ್ಲಿ ಹಳೆಯ ಮಕ್ಕಳ ಸಾಧನೆ ಇಳಿಯಿತು.
• 26 ರಾಜ್ಯಗಳು: ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರೆಡೊ ಸಂಶೋಧನಾ ಕೇಂದ್ರವು ದುರ್ಬಲ ಶಾಲೆಗಳ ಮುಚ್ಚುವಿಕೆಯನ್ನು ಕುರಿತು 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸ್ಥಳಾಂತರಗೊಂಡವರಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಮಕ್ಕಳು ಮಾತ್ರ ಮೊದಲಿಗಿಂತ ಉತ್ತಮ ಶಾಲೆ ಸೇರಿದರು. ಸಾಧನೆಯ ಮಟ್ಟ ಒಂದೇ ಆಗಿದ್ದರೂ, ಬಡ ಹಾಗೂ ಅಲ್ಪಸಂಖ್ಯಾತ ಮಕ್ಕಳು ಹೆಚ್ಚಾಗಿರುವ ಶಾಲೆಗಳೇ ಮುಚ್ಚುವ ಸಾಧ್ಯತೆ ಹೆಚ್ಚು ಎಂದೂ ಅದು ಗುರುತಿಸಿತು.

ಈ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಕಂಡುಬರುವ ಅಂಶಗಳು ಮೂರು. ಸ್ಥಳಾಂತರದ ಆಸುಪಾಸಿನ ವರ್ಷದಲ್ಲಿ ಅಂಕಗಳು ಇಳಿಯುತ್ತವೆ. ಗಣನೀಯವಾಗಿ ಉತ್ತಮವಾದ ಶಾಲೆಗೆ ಸೇರಿದವರಿಗೆ ಮಾತ್ರ ಲಾಭವಾಗುತ್ತದೆ. ಅಂತಹ ಶಾಲೆಗಳಲ್ಲಿ ಸ್ಥಳ ಸಿಗುವುದು ಕೆಲವೇ ಮಕ್ಕಳಿಗೆ.

ನಂತರದ ಬೆಳವಣಿಗೆಗಳು

ಶಾಲೆಗಳನ್ನು ಮುಚ್ಚುವಾಗ ನಿರ್ವಹಣಾ ವೆಚ್ಚದಲ್ಲಿ ವರ್ಷಕ್ಕೆ ಸುಮಾರು 4.3 ಕೋಟಿ ಡಾಲರ್ ಉಳಿತಾಯವಾಗುತ್ತದೆ ಎಂದು ಅಂದಾಜಿಸಲಾಗಿತ್ತು. ಕಟ್ಟಡಗಳ ದುರಸ್ತಿಯಲ್ಲಿ ಆಗುವ ಉಳಿತಾಯದ ಮೊದಲ ಅಂದಾಜನ್ನು ಆಡಳಿತವೇ ನಂತರ ಕಡಿಮೆ ಮಾಡಿತು. ಮುಚ್ಚಿದ ಕಟ್ಟಡಗಳಲ್ಲಿ ಕೆಲವು ವಸತಿ ಸಮುಚ್ಚಯಗಳಾದವು. ಉತ್ತರ ಭಾಗದ ಅಪ್‌ಟೌನ್ ಪ್ರದೇಶದ ಸ್ಟೀವರ್ಟ್ ಶಾಲೆ ಇದಕ್ಕೊಂದು ಉದಾಹರಣೆ. ದಕ್ಷಿಣ ಮತ್ತು ಪಶ್ಚಿಮ ಭಾಗಗಳ ಅನೇಕ ಕಟ್ಟಡಗಳು ವರ್ಷಗಟ್ಟಲೆ ಖಾಲಿ ಉಳಿದವು.

ಮುಚ್ಚುವಿಕೆಯ ನಂತರ ಐದು ವರ್ಷಗಳ ಕಾಲ ಹೊಸದಾಗಿ ಶಾಲೆ ಮುಚ್ಚುವುದಿಲ್ಲ ಎಂದು ಆಡಳಿತ ಮಾತುಕೊಟ್ಟಿತ್ತು. ಬ್ರಾನ್ಜ್‌ವಿಲ್ ಪ್ರದೇಶದಲ್ಲಿ, ಅದಕ್ಕೂ ಮೊದಲೇ ಹಂತಹಂತವಾಗಿ ಮುಚ್ಚಲು ತೀರ್ಮಾನಿಸಿದ್ದ ಡಯಟ್ ಪ್ರೌಢಶಾಲೆಯನ್ನು ಉಳಿಸಲು 2015ರಲ್ಲಿ ಪಾಲಕರು ಮತ್ತು ಸ್ಥಳೀಯರು 34 ದಿನಗಳ ಉಪವಾಸ ಸತ್ಯಾಗ್ರಹ ನಡೆಸಿದರು. ಆ ಶಾಲೆ 2016ರಲ್ಲಿ ಮತ್ತೆ ತೆರೆಯಿತು. ಬ್ರಾನ್ಜ್‌ವಿಲ್‌ನಲ್ಲಿ ಶಿಕ್ಷಕಿಯಾಗಿದ್ದ ಸಮಾಜಶಾಸ್ತ್ರಜ್ಞೆ ಈವ್ ಎಲ್. ಯೂಯಿಂಗ್ ಅವರು ಈ ಪ್ರದೇಶದ ಶಾಲಾ ಮುಚ್ಚುವಿಕೆಗಳನ್ನು ಕುರಿತು 2018ರಲ್ಲಿ ‘ಘೋಸ್ಟ್ಸ್ ಇನ್ ದ ಸ್ಕೂಲ್‌ಯಾರ್ಡ್’ ಎಂಬ ಕೃತಿಯನ್ನು ಪ್ರಕಟಿಸಿದರು. ವಸತಿ ಪ್ರತ್ಯೇಕತೆಯ ಇತಿಹಾಸದೊಂದಿಗೆ ಮುಚ್ಚುವಿಕೆಯನ್ನು ಜೋಡಿಸಿ ನೋಡುವ ಈ ಕೃತಿಯು, ಶಾಲೆಯ ಅಳಿವನ್ನು ಸಮುದಾಯವು ಸಾವಿನಂತೆ ಶೋಕಿಸುವುದನ್ನು ವಿವರಿಸುತ್ತದೆ.

2021ರಲ್ಲಿ ರಾಜ್ಯ ಶಾಸನಸಭೆಯು ಶಿಕಾಗೊ ಶಿಕ್ಷಣ ಮಂಡಳಿಗೆ ಚುನಾವಣೆ ನಡೆಸುವ ಕಾನೂನನ್ನು ಅಂಗೀಕರಿಸಿ, 2025ರ ಜನವರಿಯವರೆಗೆ ಶಾಲೆ ಮುಚ್ಚುವುದನ್ನು ತಡೆಹಿಡಿಯಿತು. 2024ರ ನವೆಂಬರ್‌ನಲ್ಲಿ ಮೊದಲ ಚುನಾವಣೆ ನಡೆಯಿತು. ಈ ನಡುವೆ ದಾಖಲಾತಿಯ ಕುಸಿತ ನಿಲ್ಲಲಿಲ್ಲ. 2012–13ರಲ್ಲಿ ಸುಮಾರು 4,03,000 ಇದ್ದ ವಿದ್ಯಾರ್ಥಿಗಳ ಸಂಖ್ಯೆ 2022–23ರ ವೇಳೆಗೆ ಸುಮಾರು 3,22,000ಕ್ಕೆ ಇಳಿಯಿತು. 2013ರಲ್ಲಿ ಎದುರಾದ ಪ್ರಶ್ನೆ ಹೀಗೆ ಮತ್ತೆ ನಗರದ ಮುಂದೆ ನಿಂತಿದೆ.

ಭಾರತದ ಸಂದರ್ಭ

ಕಡಿಮೆ ದಾಖಲಾತಿಯ ಶಾಲೆಗಳ ವಿಲೀನ ಭಾರತದಲ್ಲಿಯೂ ಚರ್ಚೆಯ ವಿಷಯವಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯು ನೆರೆಹೊರೆಯ ಶಾಲೆಯಲ್ಲಿ ಕಲಿಯುವುದನ್ನು ಮಕ್ಕಳ ಹಕ್ಕಾಗಿ ಗುರುತಿಸಿದೆ. ಅದರಡಿ ಕೇಂದ್ರ ಸರ್ಕಾರ 2010ರಲ್ಲಿ ರೂಪಿಸಿದ ನಿಯಮಗಳು 1ರಿಂದ 5ನೆಯ ತರಗತಿಗೆ 1 ಕಿಲೋಮೀಟರ್, 6ರಿಂದ 8ನೆಯ ತರಗತಿಗೆ 3 ಕಿಲೋಮೀಟರ್ ನಡಿಗೆಯ ದೂರವನ್ನು ಮಿತಿಯಾಗಿ ಸೂಚಿಸುತ್ತವೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ, 2016–17ರಲ್ಲಿ ದೇಶದ ಸಾರ್ವಜನಿಕ ಪ್ರಾಥಮಿಕ ಶಾಲೆಗಳಲ್ಲಿ ಸುಮಾರು ಶೇ. 28ರಲ್ಲಿ 30ಕ್ಕಿಂತ ಕಡಿಮೆ ಮಕ್ಕಳಿದ್ದರು, 1,08,017 ಶಾಲೆಗಳು ಏಕೋಪಾಧ್ಯಾಯ ಶಾಲೆಗಳಾಗಿದ್ದವು. ಹತ್ತಿರದ ಶಾಲೆಗಳು ಶಿಕ್ಷಕರನ್ನೂ ಸೌಲಭ್ಯಗಳನ್ನೂ ಹಂಚಿಕೊಳ್ಳುವ ಶಾಲಾ ಸಂಕೀರ್ಣಗಳನ್ನು ಈ ನೀತಿ ಸೂಚಿಸುತ್ತದೆ. ರಾಜಸ್ಥಾನದಲ್ಲಿ 2014ರಿಂದ, ಉತ್ತರ ಪ್ರದೇಶದಲ್ಲಿ 2025ರಲ್ಲಿ ದೊಡ್ಡ ಪ್ರಮಾಣದ ವಿಲೀನ ಕ್ರಮಗಳು ನಡೆದಿವೆ.

ಭಾರತದ ಹಳ್ಳಿಗಳ ಸ್ಥಿತಿ ಶಿಕಾಗೊದಿಂದ ಹಲವು ರೀತಿಯಲ್ಲಿ ಭಿನ್ನವಾಗಿದೆ. ಎರಡು ಊರುಗಳ ನಡುವಿನ ದೂರ, ಮಳೆಗಾಲದಲ್ಲಿ ದಾಟಬೇಕಾದ ಹಳ್ಳಕೊಳ್ಳ, ಬಸ್ಸಿನ ಲಭ್ಯತೆ ಇವು ಅಂಕಗಳಿಗಿಂತ ಮೊದಲು ಹಾಜರಾತಿಯನ್ನೇ ನಿರ್ಧರಿಸುತ್ತವೆ. ಮತ್ತೊಂದೆಡೆ, ಒಬ್ಬರೇ ಶಿಕ್ಷಕರು ಐದು ತರಗತಿಗಳನ್ನು ನಿಭಾಯಿಸುವ ಶಾಲೆಯಲ್ಲಿ ಕಲಿಕೆಗೆ ಆಗುವ ತೊಡಕೂ ನಿಜವಾದುದೇ. ಕರ್ನಾಟಕದಲ್ಲಿ ಮತ್ತು ಗಡಿಭಾಗಗಳಲ್ಲಿ ಈ ಚರ್ಚೆಯು ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಉಳಿವಿನ ಪ್ರಶ್ನೆಯೊಂದಿಗೆ ಬೆಸೆದುಕೊಂಡಿದೆ. ಕಾಸರಗೋಡಿನ ಕನ್ನಡ ಶಾಲೆಯೊಂದರ ಉಳಿವನ್ನು ಕಥಾವಸ್ತುವಾಗಿಸಿಕೊಂಡು ರಿಷಬ್ ಶೆಟ್ಟಿ ಅವರು ನಿರ್ದೇಶಿಸಿದ ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’ ಚಲನಚಿತ್ರವು 2018ರಲ್ಲಿ ತೆರೆಕಂಡಿತು.

ಇದನ್ನೂ ನೋಡಿ

• ಶಿಕಾಗೊ
• ಚಾರ್ಟರ್ ಶಾಲೆ
• ಶಿಕ್ಷಣ ಹಕ್ಕು ಕಾಯ್ದೆ, 2009
• ರಾಷ್ಟ್ರೀಯ ಶಿಕ್ಷಣ ನೀತಿ 2020